ಧ್ಯಾನದಲ್ಲಿ ಬೆಳಕು ಕಂಡರೆ ಅದು ಅನುಭಾವವೇ?

ಪ್ರಶ್ನೆ: ಆರು ತಿಂಗಳಿನಿಂದ ಬೆಳಗಿನ ಜಾವ ಧ್ಯಾನಕ್ಕೆ ಕೂರುತ್ತಿದ್ದೇನೆ. ಈಚೆಗೆ ಹುಬ್ಬುಗಳ ನಡುವೆ ನೀಲಿ ಬೆಳಕು ಕಾಣುತ್ತದೆ, ಒಮ್ಮೊಮ್ಮೆ ಗಂಟೆಯ ನಾದವೂ ಕೇಳುತ್ತದೆ. ಶರಣರು, ಸೂಫಿಗಳು ಹೇಳಿದ ಅನುಭಾವ ಇದೇ ಏನು, ಸರ್?

ಅಲ್ಲ. ಇಷ್ಟು ನೇರವಾಗಿ ಹೇಳುವುದಕ್ಕೆ ಕಾರಣವಿದೆ. ಪ್ರತಿ ವರ್ಷ ವಿಜಯಪುರದಲ್ಲಿ ಶ್ರಾವಣದ ಪ್ರವಚನಗಳು ಮುಗಿಯುತ್ತಿದ್ದಂತೆ ಇದೇ ಪ್ರಶ್ನೆ ನನ್ನ ಬಳಿ ಬರುತ್ತದೆ. ಒಬ್ಬರಿಗೆ ನೀಲಿ, ಇನ್ನೊಬ್ಬರಿಗೆ ಬಂಗಾರದ ಬಣ್ಣ. ಒಬ್ಬರಿಗೆ ಗಂಟೆ, ಇನ್ನೊಬ್ಬರಿಗೆ ಶಂಖ. ಹೇಳಿ ಹೇಳಿ ದಣಿದಿದ್ದೇನೆ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ.

ನೀವು ಕಂಡದ್ದು ಸುಳ್ಳೆಂದು ನಾನು ಹೇಳುತ್ತಿಲ್ಲ. ಕಣ್ಣು ಮುಚ್ಚಿ, ಉಸಿರನ್ನು ನಿಧಾನಿಸಿ, ಮನಸ್ಸನ್ನು ಒಂದೆಡೆ ನಿಲ್ಲಿಸಿದವರಿಗೆ ಬೆಳಕು, ನಾದ, ಮೈ ಹಗುರಾದ ಭಾವ ಬರುವುದುಂಟು. (ಧ್ಯಾನದ ಹೊರಗೂ ಮಿಂಚಿದಂತೆ ಬೆಳಕು ಕಾಣುತ್ತಿದ್ದರೆ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ, ಅಕ್ಷಿಪಟಲದ ತೊಂದರೆಯಲ್ಲೂ ಹಾಗಾಗುತ್ತದೆ.) ಆದರೆ ಅನುಭವ ಬೇರೆ, ಅನುಭಾವ ಬೇರೆ. ಬಿಸಿಲು ತಾಗಿದ್ದು, ಬೆಳಕು ಕಂಡದ್ದು ಅನುಭವ. ಅಲ್ಲಿ ಕಂಡವನು ಇತ್ತ ಇರುತ್ತಾನೆ, ಕಂಡದ್ದು ಅತ್ತ ಇರುತ್ತದೆ. ಕಾಣುವ ‘ನಾನು’ ಎಂಬುದೇ ಕರಗಿ, ಆಮೇಲೆ ನಡೆನುಡಿ ಬದಲಾಗಿ ನಿಂತರೆ ಅದು ಅನುಭಾವ. ಒಂದು ದೀರ್ಘದಲ್ಲಿ ಇಷ್ಟು ದೊಡ್ಡ ಅಂತರವನ್ನು ಹಿಡಿದಿಟ್ಟ ಭಾಷೆ ನಮ್ಮದು ಎಂದು ಹೇಳುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಸೂಫಿಗಳೂ ಇದಕ್ಕೆ ಹತ್ತಿರದ ಭೇದವನ್ನು ಮಾಡಿದ್ದಾರೆ. ಬಂದು ಹೋಗುವ ಸ್ಥಿತಿ ‘ಹಾಲ್’, ಸಾಧಿಸಿ ನೆಲೆಗೊಂಡದ್ದು ‘ಮಕಾಮ್’. ನಿಮ್ಮ ನೀಲಿ ಬೆಳಕು ಬಂದು ಹೋಗುವ ಸಾಲಿಗೆ ಸೇರಿದ್ದು.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಏಕೆಂದರೆ ದರ್ಶನ, ನಾದ, ಸಿದ್ಧಿಗಳು (ಯೋಗದಿಂದ ಬರುವ ಅಲೌಕಿಕ ಶಕ್ತಿಗಳು) ಹೆಚ್ಚಾದಷ್ಟೂ ಸಾಧಕ ಮೇಲಕ್ಕೇರಿದ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟು ಕೂತಿದೆ. ಅದನ್ನು ಕಿತ್ತುಹಾಕಲು ದೇವರನ್ನು ನಂಬದವರ ಸಹಾಯ ಬೇಕಿಲ್ಲ. ಅನುಭಾವಿಗಳೇ ಆ ಕೆಲಸ ಮಾಡಿಟ್ಟಿದ್ದಾರೆ.

ಶರಣ ಅಲ್ಲಮಪ್ರಭು ಮತ್ತು ಸಿದ್ಧಯೋಗಿ ಗೋರಕ್ಷರ ಕಥೆ ಇಲ್ಲಿ ಯಾರಿಗೆ ಗೊತ್ತಿಲ್ಲ? ಗೋರಕ್ಷನ ಮೈಗೆ ಕತ್ತಿ ಬಿದ್ದರೆ ಖಣಿಲೆಂದಿತು, ಗಾಯವಾಗಲಿಲ್ಲ. ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಿನಲ್ಲಿ ಹಾದುಹೋಯಿತು. ಈ ಕಥೆಯನ್ನೂ ಜನ ಅಲ್ಲಮನ ಪವಾಡ ದೊಡ್ಡದು ಎಂದೇ ಹೇಳುತ್ತಾರೆ. ಕಥೆ ಹೇಳುತ್ತಿರುವುದು ಬೇರೆ: ದೇಹವನ್ನು ವಜ್ರ ಮಾಡಿಕೊಂಡವನಿಗೆ ದೇಹ ಇನ್ನೂ ಉಳಿದಿದೆ, ಅದನ್ನು ಕಾಯುವ ಚಿಂತೆಯೂ ಉಳಿದಿದೆ. ಪತಂಜಲಿ ತನ್ನ ಯೋಗಸೂತ್ರಗಳ ಮೂರನೆಯ ಪಾದದಲ್ಲಿ ಸಿದ್ಧಿಗಳ ಪಟ್ಟಿಯನ್ನೇ ಕೊಡುತ್ತಾನೆ. ಅದೇ ಪಾದದಲ್ಲಿ, ಹೊರಮುಖವಾದ ಮನಸ್ಸಿಗೆ ಇವು ಸಿದ್ಧಿಗಳು, ಸಮಾಧಿಗೆ ಮಾತ್ರ ವಿಘ್ನಗಳು ಎಂದೂ ಹೇಳುತ್ತಾನೆ. ಪಟ್ಟಿ ಓದಿದವರು ಈ ಸೂತ್ರವನ್ನು ಏಕೆ ಓದುವುದಿಲ್ಲವೋ ನನಗೆ ತಿಳಿಯದು. ರಾಜಗೃಹದಲ್ಲಿ ಎತ್ತರಕ್ಕೆ ಕಟ್ಟಿದ್ದ ಗಂಧದ ಪಾತ್ರೆಯನ್ನು ಭಿಕ್ಷುವೊಬ್ಬ ಗಾಳಿಯಲ್ಲಿ ಏರಿ ತಂದಾಗ ಬುದ್ಧ ಗದರಿಸಿದ; ಗೃಹಸ್ಥರೆದುರು ಇಂಥ ಪ್ರದರ್ಶನ ಕೂಡದೆಂದು ನಿಯಮ ಮಾಡಿದ ಎಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ. ಜಪಾನಿನ ಝೆನ್ ಗುರುಗಳು ಧ್ಯಾನದಲ್ಲಿ ಕಾಣುವ ದೃಶ್ಯಗಳಿಗೆಲ್ಲ ‘ಮಾಕ್ಯೋ’ ಎನ್ನುತ್ತಾರೆ. ದೆವ್ವದ ಸೀಮೆ ಎಂದು ಅದರ ಅರ್ಥ. ಬುದ್ಧನೇ ಕಣ್ಣೆದುರು ಬಂದು ನಿಂತರೂ ನಿನ್ನ ಉಸಿರನ್ನು ನೀನು ನೋಡು ಎಂಬುದೇ ಅವರ ಬೋಧೆ.

ಸ್ಪೇನಿನ ಇಬ್ಬರು ಕ್ರೈಸ್ತ ಸಂತರ ಮಾತು ಇನ್ನೂ ಖಚಿತವಾಗಿದೆ. ಶಿಲುಬೆಯ ಯೋಹಾನ ಎಂಬ ಸಂತನ ಸಲಹೆ: ದರ್ಶನ ಬಂದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸಲೂ ಹೋಗದೆ ಬಿಟ್ಟುಬಿಡು. ಅದು ದೇವರಿಂದ ಬಂದಿದ್ದರೆ ಬಂದ ಕ್ಷಣದಲ್ಲೇ ಅದರ ಕೆಲಸ ಮುಗಿದಿರುತ್ತದೆ, ಹಿಡಿದಿಟ್ಟುಕೊಳ್ಳಲು ಏನೂ ಉಳಿದಿರುವುದಿಲ್ಲ. ಅವನ ಹಿರಿಯ ಸಂಗಾತಿ ಆವಿಲಾದ ತೆರೇಸಾಳಿಗೆ ದರ್ಶನಗಳು ಹೇರಳವಾಗಿ ಆಗುತ್ತಿದ್ದವು. ಅವಳು 1577ರಲ್ಲಿ ಆತ್ಮವನ್ನು ಏಳು ನಿವಾಸಗಳ ಕೋಟೆಗೆ ಹೋಲಿಸಿ ಬರೆದಳು. ಏಳನೆಯದನ್ನು, ಎಂದರೆ ಎಲ್ಲಕ್ಕಿಂತ ಒಳಗಿನದನ್ನು ತಲುಪಿದ ಮೇಲೆ ಮೈಮರೆಯುವ ಪರವಶತೆಗಳು ಬಹುಮಟ್ಟಿಗೆ ನಿಂತುಹೋಗುತ್ತವೆ ಎನ್ನುತ್ತಾಳೆ. ದರ್ಶನ ಹೆಚ್ಚಿದಷ್ಟೂ ಎತ್ತರ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನಮ್ಮ ಕಡೆಯವರು ಹೇಳುವುದು ನನಗೆ ಗೊತ್ತು: “ನಿಂಬಾಳದ ಗುರುದೇವ ರಾನಡೆಯವರು ಬೆಳಕು, ನಾದಗಳ ಬಗ್ಗೆ ಬರೆದಿಲ್ಲವೇ?” ಬರೆದಿದ್ದಾರೆ, ವಿಸ್ತಾರವಾಗಿಯೇ ಬರೆದಿದ್ದಾರೆ. ಜಮಖಂಡಿಯಲ್ಲಿ ಹುಟ್ಟಿ, ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟ ಅವರು ಸಂತರ ಇಂಥ ಅನುಭವಗಳನ್ನು ಗೌರವದಿಂದ ಒರೆಗೆ ಹಚ್ಚಿದವರು. ಅವು ಹುಸಿ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ನೈತಿಕ ಬೆಳವಣಿಗೆ ಇಲ್ಲದ ಕಡೆ ನಿಜವಾದ ಅನುಭಾವವಿದೆ ಎಂದು ಅವರು ಒಪ್ಪಲಿಲ್ಲ. ಆದ್ದರಿಂದ ನಾಳೆ ಬೆಳಕು ಕಂಡರೆ ಕಾಣಲಿ, ಧ್ಯಾನ ಮುಂದುವರಿಸಿ. ಮನೆಯವರ ಮೇಲೆ ರೇಗುವುದು ಕಡಿಮೆಯಾಗಿದೆಯೇ ಎಂದು ಮನೆಯವರನ್ನೇ ಕೇಳಿ.

ಮನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು, ನೀವು ಕೇಳದಿದ್ದರೂ. ಇದಕ್ಕೆಲ್ಲ ಸಂಸಾರ ಬಿಡಬೇಕೇ? ಬೇಕಿಲ್ಲ. ಭಕ್ತರ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲೇ ಸುರಿದು ಬನ್ನಿ ಎಂದವಳು ಅವನ ಹೆಂಡತಿ ಲಕ್ಕಮ್ಮ. ನಮ್ಮದೇ ಜಿಲ್ಲೆಯ ಇಂಚಗೇರಿಯ ಭಾವುಸಾಹೇಬ ಮಹಾರಾಜರ ಶಿಷ್ಯರು ಸಿದ್ಧರಾಮೇಶ್ವರ ಮಹಾರಾಜರು; ಅವರ ಶಿಷ್ಯರು ನಿಸರ್ಗದತ್ತ ಮಹಾರಾಜರು. ದೇಶವಿದೇಶಗಳಿಂದ ಜನ ಹುಡುಕಿಕೊಂಡು ಬರುತ್ತಿದ್ದ ಆ ನಿಸರ್ಗದತ್ತರು ಮುಂಬೈಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ಗೃಹಸ್ಥರು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಕ್ಷ್ಯ ಈ ಊರಿನಲ್ಲೇ ಇದೆ. ಆದಿಲಶಾಹಿ ಕಾಲದ ಬಿಜಾಪುರದ ಸೂಫಿಗಳು ಹೆಂಗಸರಿಗಾಗಿ ದಖನಿಯಲ್ಲಿ, ಎಂದರೆ ದಖ್ಖನದ ಉರ್ದುವಿನಲ್ಲಿ, ಬೀಸುಕಲ್ಲಿನ ಪದಗಳನ್ನು ಕಟ್ಟಿದರು. ಅವಕ್ಕೆ ಚಕ್ಕಿನಾಮಾ ಎಂದು ಹೆಸರು. ಬೀಸುಕಲ್ಲಿನ ಗೂಟ ನೆಟ್ಟಗೆ ನಿಂತ ಅಲಿಫ್ ಎಂಬ ಅರಬ್ಬಿಯ ಮೊದಲ ಅಕ್ಷರದಂತೆ; ಅದು ಅಲ್ಲಾಹ್. ನಡುವಿನ ಕೀಲು ಮುಹಮ್ಮದ್. ಕಲ್ಲಿನ ಒಂದೊಂದು ಸುತ್ತಿಗೂ ದೇವರ ಸ್ಮರಣೆ. ಅದೇ ಸೀಮೆಯಲ್ಲಿ ಕನ್ನಡದ ತಾಯಂದಿರೂ ನಸುಕಿನಲ್ಲೆದ್ದು, ಕಲ್ಲಿಗೆ ಜೋಳ ಹಾಕಿ, ತ್ರಿಪದಿಯಲ್ಲಿ ಶಿವನನ್ನು ನೆನೆಯುತ್ತ ಬೀಸುತ್ತಿದ್ದರು.