ಮಾರ್ಚ್‌ನಲ್ಲಿ ಒಂದು ಪರೀಕ್ಷೆ ಮಾಡಿದರೆ ಸಾಲದೇ?

ಪ್ರಶ್ನೆ: ಮದ್ದೂರು ತಾಲ್ಲೂಕಿನ ಹನ್ನೆರಡು ಸರ್ಕಾರಿ ಶಾಲೆಗಳ ನಾಲ್ಕನೆಯ ತರಗತಿಯ ಸುಮಾರು ಮುನ್ನೂರು ಮಕ್ಕಳಿಗೆ ಸಂಜೆ ಹೊತ್ತು ಕನ್ನಡ ಓದು ಕಲಿಸಬೇಕೆಂದು ನಮ್ಮ ಊರಿನ ಯುವಕ ಸಂಘದವರು ನಿರ್ಧರಿಸಿದ್ದೇವೆ. ಬರುವ ಜೂನ್‌ನಲ್ಲಿ ಪ್ರಾರಂಭ. ಹಣ ಕೊಡುವವರು ಕಾರ್ಯಕ್ರಮದ ಮೌಲ್ಯಮಾಪನ ವರದಿ ಬೇಕೆಂದಿದ್ದಾರೆ. ವರ್ಷದ ಕೊನೆಗೆ, ಮಾರ್ಚ್‌ನಲ್ಲಿ, ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟು ಅಂಕಗಳನ್ನು ತೋರಿಸಿದರೆ ಸಾಲದೇ?

ಉತ್ತರ: ಸಾಲದು. ಆದರೆ ಜೂನ್‌ಗೆ ಮೊದಲೇ ಈ ಪ್ರಶ್ನೆ ಕೇಳಿದ್ದೀರಿ ಎನ್ನುವುದೇ ಸಂತೋಷದ ಸಂಗತಿ. ಹೆಚ್ಚಿನವರು ಇದನ್ನು ಕೇಳುವುದು ಫೆಬ್ರವರಿ ಕಳೆದ ಮೇಲೆ, ಆಗ ಮಾಡುವುದಕ್ಕೆ ಉಳಿದಿರುವುದು ಬಹಳ ಕಡಿಮೆ.

ಮೌಲ್ಯಮಾಪನ ಎಂದೊಡನೆ ನಮ್ಮ ಕಡೆ ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳನ್ನು ತಿದ್ದುವ ಕೆಲಸವೇ ನೆನಪಿಗೆ ಬರುತ್ತದೆ. ಇಲ್ಲಿ ತೂಗಬೇಕಾದದ್ದು ಮಗುವನ್ನಲ್ಲ, ನಿಮ್ಮ ಕಾರ್ಯಕ್ರಮವನ್ನು. ಶಿಕ್ಷಕರಿಗೆ ಚಿರಪರಿಚಿತವಾದ ‘ರೂಪಣಾತ್ಮಕ’ ಮತ್ತು ‘ಸಂಕಲನಾತ್ಮಕ’ ಎಂಬ ಮಾತುಗಳ ಮೂಲವೂ ಇಲ್ಲಿಯೇ ಇದೆ. 1967ರಲ್ಲಿ ಮೌಲ್ಯಮಾಪನದ ವಿದ್ವಾಂಸ ಮೈಕೆಲ್ ಸ್ಕ್ರಿವೆನ್ ಈ ಭೇದವನ್ನು ಮುಂದಿಟ್ಟದ್ದು ಪಠ್ಯಕ್ರಮಗಳ ಮೌಲ್ಯಮಾಪನದ ಸಂದರ್ಭದಲ್ಲಿ. ಮಕ್ಕಳ ಕಲಿಕೆಗೆ ಅದು ಅನ್ವಯವಾದದ್ದು ಆಮೇಲೆ. ನಡೆಯುತ್ತಿರುವ ಕೆಲಸವನ್ನು ತಿದ್ದಿಕೊಳ್ಳಲು ಮಾಡುವುದು ಮೊದಲನೆಯದು, ಮುಗಿದ ಕೆಲಸದ ಬಗ್ಗೆ ತೀರ್ಮಾನ ಹೇಳಲು ಮಾಡುವುದು ಎರಡನೆಯದು. ನಿಮಗೆ ಎರಡೂ ಬೇಕು.

ಎಲ್ಲಕ್ಕಿಂತ ಮೊದಲು, ಫಲಿತಾಂಶ ಕೈಗೆ ಬಂದ ಮೇಲೆ ಯಾರು ಏನನ್ನು ನಿರ್ಧರಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಂಘದವರೂ ಹಣ ಕೊಡುವವರೂ ಸಹಿ ಹಾಕಿರಿ. ಇನ್ನಷ್ಟು ಶಾಲೆಗಳಿಗೆ ವಿಸ್ತರಿಸಬೇಕೇ, ಕಲಿಸುವ ಕ್ರಮವನ್ನು ಬದಲಿಸಬೇಕೇ, ನಿಲ್ಲಿಸಬೇಕೇ? ಯಾವ ನಿರ್ಧಾರಕ್ಕೂ ಬಳಕೆಯಾಗದ ಅಂಕಿ ಅಂಶಗಳಿಗಾಗಿ ಮುನ್ನೂರು ಮಕ್ಕಳ ಸಮಯವನ್ನು ತೆಗೆದುಕೊಳ್ಳುವ ಹಕ್ಕು ನಮಗಿಲ್ಲ ಎಂದೇ ನಾನು ನಂಬಿದ್ದೇನೆ.

ಇನ್ನು ಅಳೆಯುವ ಸಾಧನದ ಮಾತು. ಕೆಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪಠ್ಯಪುಸ್ತಕದ ಪಾಠವನ್ನು ನನ್ನೆದುರು ಒಂದೇ ಉಸಿರಿಗೆ ಓದಿ ಮುಗಿಸಿದಳು. ಅವಳ ಬಾಯಿ ಪಾಠದ ಕೊನೆಯ ಪದವನ್ನು ಹೇಳಿದಾಗ ಅವಳ ಬೆರಳು ಇನ್ನೂ ಎರಡನೆಯ ಸಾಲಿನಲ್ಲಿತ್ತು. ಅವಳು ಓದಿರಲಿಲ್ಲ, ಒಪ್ಪಿಸಿದ್ದಳು. ಅದೇ ಪದಗಳಿಂದ ನಾನು ಬರೆದುಕೊಟ್ಟ ಎರಡು ಹೊಸ ವಾಕ್ಯಗಳಲ್ಲಿ ‘ಮರ’, ‘ಮನೆ’ ಸಲೀಸಾಗಿ ಬಂದವು. ‘ಅಜ್ಜಿ’ ‘ಅಜಿ’ಯಾಯಿತು, ‘ಪುಸ್ತಕ’ದ ಮುಂದೆ ಬೆರಳು ನಿಂತೇಬಿಟ್ಟಿತು. ಪಠ್ಯದ ಪಾಠವನ್ನೇ ಪರೀಕ್ಷೆಗೆ ಇಟ್ಟಿದ್ದರೆ ಅವಳಿಗೆ ಪೂರ್ಣಾಂಕ ಬಂದಿರುತ್ತಿತ್ತು.

ಆದ್ದರಿಂದ ಮಕ್ಕಳು ಹಿಂದೆ ಕಾಣದ ವಾಕ್ಯಗಳನ್ನು ಸಿದ್ಧಪಡಿಸಿರಿ. 2005ರಿಂದ ‘ಪ್ರಥಮ್’ ಸಂಸ್ಥೆ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯಲ್ಲಿ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಚಿಕ್ಕ ಪಠ್ಯಭಾಗ, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ಹಂತಗಳಲ್ಲಿ ಓದಿಸುತ್ತಾರೆ. ನಿಮ್ಮ ಕೆಲಸಕ್ಕೆ ಇದು ಒಳ್ಳೆಯ ಮಾದರಿ. ಆದರೆ ಸರಳ ಪದ, ಕಾಗುಣಿತದ ಪದ, ಒತ್ತಕ್ಷರದ ಪದಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡರೆ ಕನ್ನಡದ ಮಗು ಎಲ್ಲಿ ಎಡವುತ್ತದೆ ಎಂಬುದು ನಿಮ್ಮ ಸ್ವಯಂಸೇವಕರಿಗೆ ಆ ದಿನವೇ ತಿಳಿಯುತ್ತದೆ. ಕಲಿಸಿದವರೇ ಪರೀಕ್ಷಿಸುವುದು ಬೇಡ. ಅವರು ಸುಳ್ಳು ಬರೆಯುತ್ತಾರೆಂದಲ್ಲ. ತಾವು ಕಲಿಸಿದ ಮಗು ತಡವರಿಸಿದಾಗ ಪಿಸುಮಾತಿನಲ್ಲಿ ನೆರವಾಗದೆ ಇರುವುದು ಕಷ್ಟ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಶಾಲೆಗಳಲ್ಲಿ ಕಥೆ ಓದಬಲ್ಲ ಮಕ್ಕಳು ಜೂನ್‌ನಲ್ಲಿ ನೂರಕ್ಕೆ 20 ಇದ್ದು ಮಾರ್ಚ್‌ಗೆ 45 ಆದರು ಎಂದುಕೊಳ್ಳೋಣ. ಈ 25ರ ಏರಿಕೆ ಪೂರ್ತಿಯಾಗಿ ನಿಮ್ಮದಲ್ಲ. ಒಂಬತ್ತು ತಿಂಗಳು ಶಾಲೆಯೂ ಪಾಠ ಮಾಡಿದೆ, ಮಕ್ಕಳೂ ಬೆಳೆದಿದ್ದಾರೆ. ನಿಮ್ಮ ಕಾರ್ಯಕ್ರಮವಿಲ್ಲದ ಅಂಥದೇ ಶಾಲೆಗಳಲ್ಲಿ ಅದೇ ಅವಧಿಯಲ್ಲಿ 22 ಇದ್ದದ್ದು 41 ಆಗಿದ್ದರೆ, ಅಲ್ಲಿನ ಏರಿಕೆ 19. ನಿಮ್ಮ ಪಾಲಿಗೆ ಉಳಿಯುವುದು 6. ಮಾರ್ಚ್‌ನ ಒಂದೇ ಪರೀಕ್ಷೆ ಈ 6ನ್ನು ಎಂದಿಗೂ ತೋರಿಸಲಾರದು.

ಹೋಲಿಕೆಗೆಂದು ಕೆಲವು ಮಕ್ಕಳನ್ನು ಹೊರಗಿಡುವುದು ಅನ್ಯಾಯವಲ್ಲವೇ ಎಂದು ನಿಮ್ಮ ಮನಸ್ಸು ಕೇಳೀತು. 2001ರಿಂದ 2003ರವರೆಗೆ ವಡೋದರಾ ಮತ್ತು ಮುಂಬೈ ನಗರಗಳ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿದ ಕ್ರಮದಲ್ಲಿ ಇದಕ್ಕೆ ಉತ್ತರವಿದೆ. ಹಿಂದುಳಿದ ಮಕ್ಕಳಿಗೆ ಊರಿನ ತರುಣಿಯರು ಓದು, ಲೆಕ್ಕಗಳನ್ನು ಕಲಿಸುವ ಕಾರ್ಯಕ್ರಮವದು. ಅಧ್ಯಯನ ನಡೆಸಿದವರಲ್ಲಿ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದರು. ವಡೋದರಾದಲ್ಲಿ ಅರ್ಧದಷ್ಟು ಶಾಲೆಗಳಲ್ಲಿ ಮೂರನೆಯ ತರಗತಿಗೆ, ಉಳಿದವುಗಳಲ್ಲಿ ನಾಲ್ಕನೆಯ ತರಗತಿಗೆ ಬಾಲಸಖಿಯನ್ನು ಕೊಟ್ಟು ಮರುವರ್ಷ ಅದಲುಬದಲು ಮಾಡಿದರು. ಬಾಲಸಖಿ ಇದ್ದ ಶಾಲೆಗಳ ಮೂರನೆಯ ತರಗತಿಗೆ, ಬಾಲಸಖಿ ಇಲ್ಲದ ಉಳಿದ ಶಾಲೆಗಳ ಮೂರನೆಯ ತರಗತಿಯೇ ಹೋಲಿಕೆ; ನಾಲ್ಕನೆಯದಕ್ಕೂ ಹಾಗೆಯೇ. ಯಾವ ಶಾಲೆಯೂ ಬರಿಗೈಯಲ್ಲಿ ಉಳಿಯಲಿಲ್ಲ. ಎರಡನೆಯ ವರ್ಷ ಸರಾಸರಿ ಅಂಕ 0.28 ಮಾನಕ ವಿಚಲನೆಯಷ್ಟು (ಮಕ್ಕಳ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ ಇದು) ಏರಿತು. ಮಕ್ಕಳು ಕಾರ್ಯಕ್ರಮ ಬಿಟ್ಟ ಒಂದು ವರ್ಷಕ್ಕೆ ಅದರಲ್ಲಿ ಉಳಿದದ್ದು ಸುಮಾರು 0.1. ಈ ಎರಡನೆಯ ಅಂಕಿಯೂ ಅಷ್ಟೇ ಮುಖ್ಯವಾದದ್ದು, ಅದನ್ನು ಮುಚ್ಚಿಡದೆ ಹೇಳಿದ್ದಾರೆ.

ನಿಮ್ಮ ಹನ್ನೆರಡು ಶಾಲೆಗಳಿಗೂ ಇದೇ ದಾರಿ ಸಲ್ಲುತ್ತದೆ: ಆರು ಶಾಲೆಗಳಲ್ಲಿ ಮೂರನೆಯ ತರಗತಿ, ಆರರಲ್ಲಿ ನಾಲ್ಕನೆಯ ತರಗತಿ. ಸ್ವಯಂಸೇವಕರ ಸಂಖ್ಯೆ ಹೆಚ್ಚಬೇಕಿಲ್ಲ. ಯಾವುದಕ್ಕೆ ಯಾವುದು ಎಂಬುದನ್ನು ಮುಖ್ಯೋಪಾಧ್ಯಾಯರ ಎದುರಿನಲ್ಲಿಯೇ ಚೀಟಿ ಎತ್ತಿ ತೀರ್ಮಾನಿಸಿರಿ. ಉತ್ಸಾಹ ತೋರಿದ ಶಾಲೆಗಳನ್ನು ಒಂದು ಕಡೆ ಸೇರಿಸಿದರೆ ಕೊನೆಗೆ ಅಳೆದದ್ದು ಆ ಉತ್ಸಾಹವನ್ನೇ ಆಗಿಬಿಡಬಹುದು.

ಮುನ್ನೂರು ಮಕ್ಕಳು ದೊಡ್ಡ ಸಂಖ್ಯೆಯೆಂದು ತೋರುತ್ತದೆ. ಆದರೆ ಒಂದೇ ಶಾಲೆಯ ಮಕ್ಕಳಿಗೆ ಶಿಕ್ಷಕರೂ ಒಬ್ಬರೇ, ಊರೂ ಒಂದೇ, ಅವರ ಓದೂ ಒಂದಿಷ್ಟು ಒಂದೇ ಬಗೆಯದು. ಈ ಸಾಮ್ಯವನ್ನು ಅಳೆಯುವ ಅಂಕಿ (ಸಾಮ್ಯವೇ ಇಲ್ಲದಿದ್ದರೆ 0, ಪೂರ್ತಿ ಒಂದೇ ಆಗಿದ್ದರೆ 1) 0.2 ಇದ್ದು ಶಾಲೆಗೆ 25 ಮಕ್ಕಳಿದ್ದರೆ, ಲೆಕ್ಕದಲ್ಲಿ 300 ಮಕ್ಕಳ ತೂಕ ಸುಮಾರು 52 ಮಕ್ಕಳಷ್ಟೇ. ಅಷ್ಟೇ ಶ್ರಮದಲ್ಲಿ 24 ಶಾಲೆಗಳಿಂದ ತಲಾ 12 ಮಕ್ಕಳನ್ನು ಪರೀಕ್ಷಿಸಿದರೆ ಅದು 90ಕ್ಕೆ ಏರುತ್ತದೆ. ಹನ್ನೆರಡೇ ಶಾಲೆಗಳಿದ್ದಾಗ ಮೇಲೆ ಹೇಳಿದ 6ರಂಥ ಅಂತರ ಕೇವಲ ಆಕಸ್ಮಿಕವೂ ಆಗಿರಬಹುದು. ವರದಿಯಲ್ಲಿ ಅದನ್ನು ಹಾಗೆಯೇ ಬರೆಯಿರಿ.

ಸಂಜೆ ತರಗತಿ ನಿಜವಾಗಿ ಎಷ್ಟು ದಿನ ನಡೆಯಿತು, ಯಾರು ಬಂದರು ಎಂಬ ಹಾಜರಿ ಪುಸ್ತಕವನ್ನೂ ಇಡಿರಿ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ, ಚಟುವಟಿಕೆಗಳ ಮೂಲಕ ಕಲಿಸುವ ‘ನಲಿಕಲಿ’ ಕ್ರಮ ಮುಂದೆ ಇಡೀ ರಾಜ್ಯಕ್ಕೆ ಹರಡಿತು. ಒಂದು ತಾಲ್ಲೂಕಿನಲ್ಲಿ ಅದನ್ನು ಕಟ್ಟಿದ ಶಿಕ್ಷಕರ ಕೈಯಲ್ಲಿರುವ ಕ್ರಮವೂ, ತರಬೇತಿಯ ಮೂಲಕ ಸಾವಿರಾರು ಶಾಲೆಗಳನ್ನು ತಲಪಿದ ಕ್ರಮವೂ ಹೆಸರಿನಲ್ಲಿ ಒಂದೇ ಆದರೂ ಆಚರಣೆಯಲ್ಲಿ ಒಂದೇ ಎಂದು ಮೊದಲೇ ಭಾವಿಸುವಂತಿಲ್ಲ. ಫಲ ಕಾಣದಿದ್ದಾಗ, ಕ್ರಮವೇ ಸರಿಯಿಲ್ಲವೋ ಅಥವಾ ಅದು ನಡೆಯಲೇ ಇಲ್ಲವೋ ಎಂದು ಹೇಳಬಲ್ಲದ್ದು ಈ ಪುಸ್ತಕವೊಂದೇ.

ಕಾಲದ ಬಗ್ಗೆ ಹೇಳುವುದಾದರೆ, ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಗೊಳಿಸುವ ಪಾಠಗಳ) ಪೂರ್ವ ಪರೀಕ್ಷೆ ನಡೆಯುವ ದಿನಗಳಲ್ಲಿಯೇ ನಿಮ್ಮ ಮೊದಲ ಅಳತೆಯೂ ಆಗಲಿ; ಶಿಕ್ಷಕರಿಗೆ ಎರಡು ಬಾರಿ ತೊಂದರೆಯಾಗುವುದಿಲ್ಲ. ದಸರಾ ರಜೆ ಮುಗಿದ ಮೊದಲ ವಾರದಲ್ಲಿ ಮಾತ್ರ ಯಾವ ಪರೀಕ್ಷೆಯೂ ಬೇಡ. ಮಾರ್ಚ್‌ನ ಪರೀಕ್ಷೆಯ ದಿನ ಬಾರದ ಮಕ್ಕಳನ್ನು ಹುಡುಕಿಕೊಂಡು ಇನ್ನೊಮ್ಮೆ ಹೋಗಿರಿ. ಆಲೆಮನೆಯಲ್ಲಿಯೋ ಕಬ್ಬು ಕಡಿಯುವ ತಂಡದಲ್ಲಿಯೋ ದುಡಿಯುವ ಮನೆಗಳ ಮಕ್ಕಳು ನಡುವೆ ಊರು ಬಿಟ್ಟಿರುತ್ತಾರೆ, ಹೆಚ್ಚಾಗಿ ಓದಿನಲ್ಲಿ ಹಿಂದುಳಿದವರೂ ಅವರೇ ಆಗಿರುತ್ತಾರೆ. ಅವರನ್ನು ಸುಮ್ಮನೆ ಪಟ್ಟಿಯಿಂದ ಕೈಬಿಟ್ಟರೆ ಯಾರೂ ಏನೂ ಕಲಿಯದಿದ್ದರೂ ಸರಾಸರಿ ಏರುತ್ತದೆ. ಜೂನ್‌ನಲ್ಲಿ ಎಷ್ಟು ಮಕ್ಕಳಿದ್ದರು, ಮಾರ್ಚ್‌ನಲ್ಲಿ ಎಷ್ಟು ಮಂದಿ ಸಿಕ್ಕರು, ಸಿಗದವರು ಜೂನ್‌ನಲ್ಲಿ ಯಾವ ಹಂತದಲ್ಲಿದ್ದರು ಎಂಬ ಮೂರು ಸಾಲುಗಳು ನಿಮ್ಮ ವರದಿಯ ಮೊದಲ ಪುಟದಲ್ಲಿಯೇ ಇರಲಿ.