ರಗ್ಬಿಯಲ್ಲಿ ಮಾಲ್ ಕುಸಿದರೆ ತಪ್ಪು ಯಾರದ್ದು?

ಹೋದ ಮಳೆಗಾಲದಲ್ಲಿ ಸಕಲೇಶಪುರದ ಚಿಕ್ಕಪ್ಪನ ಮನೆಯಲ್ಲಿ ಕೂತು ರಗ್ಬಿ ನೋಡುತ್ತಿದ್ದೆವು. ಗೋಲ್ ಗೆರೆಯ ಹತ್ತಿರ ಒತ್ತಿಕೊಂಡು ಬಂದ ಇಡೀ ಗುಂಪು ಧೊಪ್ಪನೆ ಬಿತ್ತು. ರೆಫರಿ ಒಬ್ಬನಿಗೆ ಹಳದಿ ಕಾರ್ಡ್ ತೋರಿಸಿ, ಎದುರು ತಂಡಕ್ಕೆ ಪೆನಾಲ್ಟಿ ಟ್ರೈ (ತಪ್ಪಿನಿಂದ ಕೈತಪ್ಪಿದ ಟ್ರೈ ಅಂಕಗಳನ್ನು ರೆಫರಿಯೇ ಕೊಡುವುದು) ಕೊಟ್ಟರು. "ಎಲ್ಲರೂ ಬಿದ್ದರಲ್ಲ, ಇವನೊಬ್ಬನಿಗೆ ಯಾಕೆ?" ಅಂದರು ಚಿಕ್ಕಪ್ಪ. ಅವರು ಕಬಡ್ಡಿ ಆಡಿದವರು. ಬಂದವನನ್ನು ಹಿಡಿದು ಕೆಡವೋದೇ ಅಲ್ಲಿ ಆಟ, ಅಲ್ವಾ?

ರಗ್ಬಿಯಲ್ಲೂ ಕೆಡವಬಹುದು, ಆದರೆ ಒಂದು ಕ್ಷಣದವರೆಗೆ ಮಾತ್ರ. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಹಿಡಿದ ಮೇಲೆ, ಚೆಂಡು ಹಿಡಿದವನ ಕಡೆಯವನೊಬ್ಬ ಬಂದು ಆತುಕೊಂಡರೆ, ಎಲ್ಲರೂ ಕಾಲ ಮೇಲೇ ಇದ್ದರೆ, ಅದು ಮಾಲ್. ಅವನು ಬಂದು ಸೇರುವ ಮುಂಚೆ ಕೆಡವಿದರೆ ಒಳ್ಳೆಯ ಟ್ಯಾಕಲ್. ಸೇರಿದ ಮೇಲೆ ಕೆಡವಿದರೆ ಪೆನಾಲ್ಟಿ. ಒಂದು ತಂಡದಲ್ಲಿ ಮುಂದೆ ನಿಂತು ಒತ್ತುವ ಎಂಟು ಫಾರ್ವರ್ಡ್‌ಗಳ ತೂಕವೇ ಹೆಚ್ಚುಕಮ್ಮಿ 900 ಕೆಜಿ. ಅಡಿಯಲ್ಲಿ ಸಿಕ್ಕವನ ಕುತ್ತಿಗೆ ಏನಾಗಬೇಕು?

ಆದರೆ ಮಾಲ್ ತಡೆಯೋಕೆ ದಾರಿಯೇ ಇಲ್ಲ ಅನ್ನೋ ದೂರು ಹಳೆಯದು. 1992ರಲ್ಲಿ ಒಂದು ನಿಯಮ ಬಂತು: ಮಾಲ್ ನಿಂತುಹೋದರೆ, ಅಥವಾ ಯಾರ ತಪ್ಪೂ ಇಲ್ಲದೆ ಕುಸಿದು ಚೆಂಡು ಹೊರಗೆ ಬರದಿದ್ದರೆ, ಸ್ಕ್ರಮ್ (ಎರಡೂ ಕಡೆಯವರು ಬಗ್ಗಿ ಒತ್ತಾಡಿ ಆಟ ಮತ್ತೆ ಶುರುಮಾಡುವುದು) ಮಾಲ್ ಶುರುವಾದಾಗ ಚೆಂಡು ಇಲ್ಲದಿದ್ದ ತಂಡಕ್ಕೆ. ಕಷ್ಟ ಶುರುವಾಗೋದು ಇಲ್ಲೇ. ಕದ್ದು ಎಳೆದದ್ದು ರೆಫರಿಗೆ ಕಾಣದಿದ್ದರೆ ಎಳೆದವನ ತಂಡಕ್ಕೇ ಚೆಂಡು!

ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್‌ನಲ್ಲಿ 2006ರಲ್ಲಿ ಶುರುವಾದ ಪ್ರಯೋಗಗಳ ಬೆನ್ನಲ್ಲೇ, 2008ರ ಆಗಸ್ಟ್ 1ರಿಂದ ಎಲ್ಲ ಕಡೆ, ಭುಜದಿಂದ ಸೊಂಟದವರೆಗಿನ ಭಾಗ ಹಿಡಿದು ಮಾಲನ್ನು ಎಳೆದು ಕೆಡವಲು ಬಿಟ್ಟರು. ಸುಲಭವಾಗಿ ಕೆಡವಬಹುದು ಅಂದಮೇಲೆ ಕಷ್ಟಪಟ್ಟು ಯಾರು ಮಾಲ್ ಕಟ್ಟುತ್ತಾರೆ? ತಡೆಯೋಕೆ ಜಾಸ್ತಿ ಜನ ಬೇಡ, ಉಳಿದವರು ಮೈದಾನದ ಅಗಲಕ್ಕೂ ಸಾಲಾಗಿ ನಿಂತುಬಿಟ್ಟರೆ ಓಡೋಕೆ ಜಾಗವೇ ಇಲ್ಲ. 2009ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ರಗ್ಬಿ ಮಂಡಳಿ 13 ಪ್ರಯೋಗಗಳಲ್ಲಿ 10ನ್ನು ಉಳಿಸಿಕೊಂಡು ಮಾಲ್ ಕೆಡವುವ ಈ ನಿಯಮವನ್ನು ಕೈಬಿಟ್ಟಿತು. ಸರಿಯಾಗೇ ಮಾಡಿದರು ಅಂತ ನನಗನ್ನಿಸುತ್ತದೆ.

ಪೆನಾಲ್ಟಿ ಟ್ರೈಗೆ 2017ರಲ್ಲಿ, ಟ್ರೈ ಆದಮೇಲಿನ ಹೆಚ್ಚುವರಿ ಅಂಕದ ಒದೆತವಿಲ್ಲದೆ ನೇರ 7 ಅಂಕ ಅಂತಾಯಿತು. ಹಾಗಾಗಿ ಗೆರೆ ಹತ್ತಿರ ಒಂದು ಕೈ ಮಾಡಿದ ತಪ್ಪಿಗೆ ಪಂದ್ಯವೇ ಹೋಗಬಹುದು. ರೆಫರಿ ನೋಡೋದೂ ಆ ಕೈಯನ್ನೇ: ತಬ್ಬಿ ಹಿಡಿದಿದೆಯಾ, ಕೆಳಕ್ಕೆ ಜಗ್ಗುತ್ತಿದೆಯಾ, ಯಾರ ಮಂಡಿ ಮೊದಲು ಮಡಿಸಿತು ಅಂತ.

ಮೂರನೇ ಸಲ ನಿಧಾನವಾಗಿ ತೋರಿಸಿದಾಗ ನಮಗೂ ಕಂಡಿತು. ಹಳದಿ ಕಾರ್ಡ್ ಸಿಕ್ಕವನು ಎದುರಾಳಿಯ ಅಂಗಿ ಮುಷ್ಟಿಯಲ್ಲಿ ಹಿಡಿದು ಕೆಳಗೆ ಎಳೆದಿದ್ದ. ಚಿಕ್ಕಪ್ಪ ಟಿವಿ ಹತ್ತಿರ ಬಗ್ಗಿ ನೋಡಿ, "ಹೌದು ಕಣೋ, ಇವನೇ" ಅಂದರು.