ಟೊಂಕ ನೋವು, ಅತಿ ಬೆವರು: ನರದ ದಾರಿಯಲ್ಲಿ ನಾನು ಎಡವಿದ್ದು

ನರ್ಸಿಂಗ್ ಮೂರನೇ ವರ್ಷದವರಿಗಾಗಿ, ಹುಬ್ಬಳ್ಳಿಯಲ್ಲಿ ವಾರ್ಡಿನ ಪಾಳಿ ಮುಗಿಸಿ ಬಂದು ಬರೆಯುತ್ತಿರುವ ಟಿಪ್ಪಣಿ ಇದು. ಬೆನ್ನುಮೂಳೆಯ ರಚನೆ ನಿಮಗೆ ಗೊತ್ತೇ ಇರುತ್ತದೆ, ಅದನ್ನು ಬಿಟ್ಟಿದ್ದೇನೆ.

ಹೋದ ವಾರ ರಾಣೆಬೆನ್ನೂರು ಕಡೆಯಿಂದ ಕುರಿ ಕಾಯುವ ಅಜ್ಜಾರೊಬ್ಬರು ಬಂದಿದ್ದರು. "ಟೊಂಕ ಹಿಡದು ಎರಡು ತಿಂಗಳಾತು ನೋಡವಾ. ರಾತ್ರಿ ಬೆವತು ಬೆವತು ಅಂಗಿ ತೊಯ್ದು ತೊಪ್ಪಿ ಆಗತೈತಿ." ಎರಡಕ್ಕೂ ಏನು ಸಂಬಂಧ ಎಂದು ಸಿಸ್ಟರ್ ನನ್ನನ್ನು ಕೇಳಿದರು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿ ಬೆವರಿನ ನರ ಒತ್ತಿರಬೇಕು ಅಂದೆ. "ಯಾವ ನರ? ಎಲ್ಲಿಂದ ಹೊಂಟೈತಿ, ಚಿತ್ರದಾಗ ತೋರಿಸು" ಅಂದರು. ತೋರಿಸಲು ಆಗಲಿಲ್ಲ. ಆ ರಾತ್ರಿ ಕುಳಿತು ಬಿಡಿಸಿಕೊಂಡದ್ದು ಇದು.

ಬೆವರಿನ ನರ ಹೋಗುವ ದಾರಿ

ಬೆವರಿನ ಗ್ರಂಥಿಗಳನ್ನು ನಡೆಸುವುದು ಸಿಂಪಥೆಟಿಕ್ ನರಮಂಡಲ, ಅಂದರೆ ನಮ್ಮ ಇಚ್ಛೆಗೆ ಕಾಯದೆ ತಾನೇ ಕೆಲಸ ಮಾಡುವ ನರಗಳ ಒಂದು ಪಾಲು. (ಪರೀಕ್ಷೆಗೆ ಬರುವ ಮಾತು: ಸಿಂಪಥೆಟಿಕ್ ಆದರೂ ಇಲ್ಲಿ ಗ್ರಂಥಿಯ ಹತ್ತಿರ ಬಿಡುಗಡೆಯಾಗುವ ರಾಸಾಯನಿಕ, ಉಳಿದ ಹೆಚ್ಚಿನ ಕಡೆಯಂತೆ ನಾರ್‌ಅಡ್ರಿನಲಿನ್ ಅಲ್ಲ, ಅಸಿಟೈಲ್‌ಕೋಲಿನ್.) ಈ ತಂತುಗಳು ಬೆನ್ನುಹುರಿಯಿಂದ ಹೊರಬೀಳುವುದು ಟಿ1ರಿಂದ ಎಲ್2ರವರೆಗೆ ಮಾತ್ರ (ಟಿ ಎಂದರೆ ಎದೆಯ ಮಟ್ಟ, ಎಲ್ ಎಂದರೆ ಟೊಂಕದ ಮಟ್ಟ, ಮುಂದೆ ಬರುವ ಎಸ್ ಅದರ ಕೆಳಗಿನದು; ಅಂಕೆ ಮೇಲಿನಿಂದ ಕೆಳಕ್ಕೆ). ಎಲ್2ರ ಕೆಳಗೆ ಒಂದು ಎಳೆಯೂ ಹುರಿಯಿಂದ ನೇರವಾಗಿ ಹೊರಡುವುದಿಲ್ಲ.

ಹಾಗಾದರೆ ಅಂಗಾಲು ಬೆವರುವುದು ಹೇಗೆ? ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಕಾಲಿನ ಪಾಲಿನ ತಂತುಗಳು ಮೇಲೆಯೇ, ಸುಮಾರು ಟಿ10ರಿಂದ ಎಲ್2ರ ನಡುವೆ ಹೊರಬಿದ್ದು, ಬೆನ್ನುಮೂಳೆಯ ಪಕ್ಕದ ಸಿಂಪಥೆಟಿಕ್ ಸರಪಳಿಗೆ ಸೇರುತ್ತವೆ. ಸರಪಳಿಯಲ್ಲೇ ಕೆಳಗಿಳಿಯುತ್ತವೆ. ಅಲ್ಲಿನ ಗಂಟಿನಲ್ಲಿ ಇನ್ನೊಂದು ನರಕೋಶಕ್ಕೆ ಕೆಲಸ ಒಪ್ಪಿಸುತ್ತವೆ. ಆ ಎರಡನೇ ಕೋಶದ ತಂತು ಎಲ್4, ಎಲ್5, ಎಸ್1 ನರಗಳನ್ನು ಕೂಡಿಕೊಳ್ಳುವುದು, ಆ ನರಗಳು ಮೂಳೆಯ ಕಿಂಡಿ ದಾಟಿ ಹೊರಗೆ ಬಂದ ಮೇಲೆ.

ನನಗೆ ಇದು ನೆನಪಿನಲ್ಲಿ ಕೂತದ್ದು ನಮ್ಮ ರಸ್ತೆಯಿಂದ. ಧಾರವಾಡದಿಂದ ಹಾವೇರಿಗೆ ಹೋಗಬೇಕು. ಕೆಲವರು ನವನಗರ, ಉಣಕಲ್ ಮೇಲೆ ಹುಬ್ಬಳ್ಳಿ ಊರೊಳಗಿಂದ ಬರುತ್ತಾರೆ. ಕೆಲವರು ನರೇಂದ್ರದ ಹತ್ತಿರವೇ ಬೈಪಾಸ್ ಹಿಡಿದು ಗಬ್ಬೂರಿನಲ್ಲಿ ಬಂದು ಕೂಡುತ್ತಾರೆ. ಉಣಕಲ್‌ನಲ್ಲಿ ರಸ್ತೆ ಬಂದ್ ಆದರೆ ಊರೊಳಗಿನವರು ನಿಂತರು, ಬೈಪಾಸಿನವರಿಗೆ ತೊಂದರೆ ಇಲ್ಲ. ಗಬ್ಬೂರು ದಾಟಿದ ಮೇಲೆ ವರೂರಿನಲ್ಲಿ ಬಂದ್ ಆದರೆ ಇಬ್ಬರೂ ನಿಂತರು. ಸ್ಪರ್ಶ ಮತ್ತು ಸ್ನಾಯುವಿನ ತಂತುಗಳು ಊರೊಳಗಿನವು, ಬೆವರಿನವು ಬೈಪಾಸಿನವು. ಎಲ್4–ಎಲ್5 ಡಿಸ್ಕ್ ಜಾರಿದರೆ ಅದು ಉಣಕಲ್‌ನ ಬಂದ್: ಕಾಲು ಜೋಮು ಹಿಡಿಯುತ್ತದೆ, ಹೆಬ್ಬೆರಳು ಎತ್ತಲು ಬಲ ಸಾಲುವುದಿಲ್ಲ, ಬೆವರು ಮಾತ್ರ ಇದ್ದಂತೇ ಇರುತ್ತದೆ. ಮುಂದೆ ಪೃಷ್ಠದಲ್ಲಿ, ಕಾಲಿಗೆ ಇಳಿಯುವ ದೊಡ್ಡ ಸಯಾಟಿಕ್ ನರಕ್ಕೇ ಪೆಟ್ಟು ಬಿದ್ದರೆ ಅದು ವರೂರಿನ ಬಂದ್: ಜೋಮಿನ ಜೊತೆಗೆ ಅಂಗಾಲೂ ಒಣಗುತ್ತದೆ.

ಒಣಗುತ್ತದೆ ಎಂಬುದನ್ನು ಇನ್ನೊಮ್ಮೆ ಓದಿ. ನರ ಕತ್ತರಿಸಿದರೆ ಬೆವರು ನಿಲ್ಲುತ್ತದೆ. ನಾನು ಅದು ಹೆಚ್ಚುತ್ತದೆ ಎಂದುಕೊಂಡಿದ್ದೆ. ಅಂದರೆ ನನ್ನ ಉತ್ತರ ಎರಡು ಕಡೆ ತಪ್ಪಿತ್ತು: ಕೆಳಗಿನ ಡಿಸ್ಕಿಗೆ ಬೆವರಿನ ತಂತು ಸಿಗುವುದೇ ಇಲ್ಲ, ಸಿಕ್ಕಿದ್ದರೂ ಅಂಗಿ ತೋಯುತ್ತಿರಲಿಲ್ಲ.

ನೋವಿನ ಜೊತೆಗೇ ಬರುವ ಬೆವರು

ಇದು ಸುಲಭ. ಯಾವುದೇ ತೀವ್ರ ನೋವು ಸಿಂಪಥೆಟಿಕ್ ಮಂಡಲವನ್ನು ಕೆರಳಿಸುತ್ತದೆ. ಎದೆ ಬಡಿತ ಏರಿ ಮೈ ಬೆವರುತ್ತದೆ. ಮೂತ್ರಪಿಂಡದ ಹರಳಿನವರು ಒಂದು ಕಡೆ ಕೂರಲಾರದೆ ಹೊರಳಾಡುತ್ತ ಬೆವರುವುದನ್ನು ನೀವೂ ನೋಡಿರುತ್ತೀರಿ. ಹರಳಿನಲ್ಲಿ ತಿರುಗುಮುರುಗೂ ಉಂಟು: ಬಿಸಿಲಲ್ಲಿ ದುಡಿದು ಬೆವರಿ, ನೀರು ಕುಡಿಯದೆ ಇದ್ದರೆ ಮೂತ್ರ ಗಟ್ಟಿಯಾಗಿ ಹರಳು ಕಟ್ಟುತ್ತದೆ. ಆಗ ಬೆವರು ಮೊದಲು, ನೋವು ಆಮೇಲೆ.

ವಯಸ್ಸಾದ, ಬೀಡಿ ಸೇದುವ ಗಂಡಸಿಗೆ ಒಮ್ಮೆಲೇ ಟೊಂಕದಲ್ಲಿ ಸೀಳಿದಂಥ ನೋವು, ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದರೆ ಹೊಟ್ಟೆಯ ಮಹಾಪಧಮನಿ ಉಬ್ಬಿ ಒಡೆದಿರಬಹುದು. ಮಾಲಿಶ್ ಅಲ್ಲ, ಆಂಬುಲೆನ್ಸ್.

ಗುಳಿಗೆಯ ಚೀಟಿಯನ್ನೂ ನೋಡಿ. ಬೆನ್ನುನೋವಿಗೆ ಕೊಡುವ ಟ್ರಮಡಾಲ್, ಡ್ಯುಲೊಕ್ಸೆಟಿನ್ ಎರಡೂ ಬೆವರು ಬರಿಸುತ್ತವೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಲ್ಲಿ ಈಸ್ಟ್ರೋಜನ್ ಇಳಿದಾಗ ರಾತ್ರಿ ಬೆವರೂ ಬರುತ್ತದೆ, ಮೂಳೆಯೂ ಸವೆಯುತ್ತದೆ.

ರಾತ್ರಿ ಬೆವರು

ವಾರಗಟ್ಟಲೆ ಟೊಂಕ ನೋವು, ಮಲಗಿದರೂ ತಗ್ಗದ ನೋವು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿತ: ಇವು ಒಟ್ಟಿಗೆ ಬಂದರೆ ಮೊದಲ ಅನುಮಾನ ಬೆನ್ನುಮೂಳೆಯ ಕ್ಷಯ. ಕೆಮ್ಮು ಇರಲೇಬೇಕೆಂದಿಲ್ಲ. ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲೂ ಹೀಗೆಯೇ ಹಾಸಿಗೆ ತೋಯುವಷ್ಟು ಬೆವರು ಬರುತ್ತದೆ.

ಆದರೆ ನಮ್ಮ ಹಾವೇರಿ, ಗದಗ ಕಡೆಯ ಕುರಿಗಾಹಿಗಳನ್ನು ಇನ್ನೂ ಒಂದು ಮಾತು ಕೇಳಬೇಕು: ಹಸಿ ಹಾಲು ಕುಡಿಯುತ್ತೀರಾ, ಕುರಿ ಈಯುವಾಗ ಬರಿಗೈಯಲ್ಲಿ ಮರಿ ಎಳೆಯುತ್ತೀರಾ? ಬ್ರುಸೆಲ್ಲಾ ಎಂಬ ರೋಗಾಣು ಕುರಿ, ಆಡಿನಿಂದ ಮನುಷ್ಯರಿಗೆ ದಾಟುವುದು ಹೀಗೆ. ಇದನ್ನು 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಗುರುತಿಸಿದರು. ಆಡಿನ ಹಾಲಿನ ನಂಟು ತಿಳಿದದ್ದು 1905ರಲ್ಲಿ. ಜ್ವರ ಏರಿಳಿಯುತ್ತದೆ, ಬೆವರು ಸುರಿಯುತ್ತದೆ, ರೋಗಾಣು ಟೊಂಕದ ಮೂಳೆಯಲ್ಲಿ, ಅದರ ಕೆಳಗಿನ ಸೇಕ್ರೋಇಲಿಯಾಕ್ ಕೀಲಿನಲ್ಲಿ (ಬೆನ್ನುಮೂಳೆ ಸೊಂಟದ ಮೂಳೆಗೆ ಕೂಡುವಲ್ಲಿ) ಬಿಡಾರ ಹೂಡುತ್ತದೆ. ಇಲ್ಲಿ ಬೆವರು ನೋವಿನಿಂದಲ್ಲ, ನೋವು ಬೆವರಿನಿಂದಲ್ಲ. ಎರಡಕ್ಕೂ ಬೇರು ಒಂದೇ, ಸೋಂಕು.

ಅಜ್ಜಾರಿಗೆ ಕೇಳಿದಾಗ "ಕರದ ಹಾಲು ಹಂಗ ಕುಡೀತೀವಿ, ಸಣ್ಣಂದಿರತ್ಲೆ" ಅಂದರು. ರಕ್ತಪರೀಕ್ಷೆ ಬ್ರುಸೆಲ್ಲಾ ಎಂದೇ ಬಂತು. ಮೂಳೆಗೆ ಇಳಿದಿದ್ದರಿಂದ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎಂಬ ಎರಡು ಆಂಟಿಬಯಾಟಿಕ್ ಕನಿಷ್ಠ 12 ವಾರ; ಮೂಳೆಗೆ ಇಳಿಯದಿದ್ದರೆ 6 ವಾರ. ರಿಫಾಂಪಿಸಿನ್ ಶುರುವಾದ ಮೇಲೆ ಮೂತ್ರವೂ ಕಣ್ಣೀರೂ ಬೆವರೂ ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಮೊದಲೇ ಹೇಳದಿದ್ದರೆ ರಕ್ತವೆಂದು ಹೆದರಿ ಗುಳಿಗೆ ಬಿಟ್ಟುಬಿಡುತ್ತಾರೆ. ಬಿಳಿ ಅಂಗಿಗೆ ಕಲೆ ಹತ್ತಿದರೆ ಗಾಬರಿ ಆಗಬ್ಯಾಡ್ರಿ ಅಜ್ಜಾರೆ ಎಂದು ನಾನೇ ಹೇಳಿ ಬಂದೆ.